ಬೇಸಿಗೆಗೆ ಕಾರಿನ ವ್ಯಾಕ್ಸ್: ಹೊಳಪು ನೋಡಿ ಅಲ್ಲ, ಲೆಕ್ಕ ಹಾಕಿ ಕೊಳ್ಳಿ

ನಮ್ಮ ಲೆಕ್ಕಶಾಸ್ತ್ರದಲ್ಲಿ ಸವಕಳಿ ಎಂಬ ಪಾಠವಿದೆ. ಬಳಕೆಯಿಂದ, ಕಾಲ ಕಳೆದಂತೆ, ಹೊಸ ಮಾದರಿ ಬಂದಾಗ ಆಸ್ತಿಯ ಬೆಲೆ ಇಳಿಯುತ್ತದೆ ಎಂದು ಅದರಲ್ಲಿ ಓದುತ್ತೇವೆ. ಪಾಠ ಮಾಡುವಾಗ ಮೇಡಂ ಯಂತ್ರ, ಪೀಠೋಪಕರಣಗಳ ಉದಾಹರಣೆ ಕೊಟ್ಟರು. ನನಗೆ ಮಾತ್ರ ನಮ್ಮ ಹಳೆಯ ಕಾರಿನ ಟಾಪ್ ಕಣ್ಣ ಮುಂದೆ ಬಂತು.

ಆ ಕಾರನ್ನು ಎರಡು ವರ್ಷದ ಹಿಂದೆ ಮಾರಿದೆವು. ಆಪಾಳ ನರ್ಸಿಂಗ್ ಪ್ರವೇಶಕ್ಕೆ ಹಣ ಬೇಕಾಗಿತ್ತು. ಕೊಳ್ಳಲು ಬಂದವರು ಎಂಜಿನ್ ನೋಡಿದರು, ಟೈರ್ ನೋಡಿದರು, ಎಲ್ಲಾ ಸರಿ ಇದೆ ಎಂದರು. ಕೊನೆಗೆ ಟಾಪ್ ಮೇಲೆ ಕೈಯಾಡಿಸಿದರು. ಅಲ್ಲಿ ಬಣ್ಣ ಮಂಕಾಗಿ, ಮೇಲಿನ ಪದರ ಈರುಳ್ಳಿ ಸಿಪ್ಪೆಯಂತೆ ಏಳುತ್ತಿತ್ತು. ಮಾತಾಡಿದ ಬೆಲೆಯಲ್ಲಿ 15,000 ರೂಪಾಯಿ ಇಳಿಸಿಬಿಟ್ಟರು. ಆ ಕೊರತೆ ತುಂಬಲು ಅಮ್ಮಿ ತಮ್ಮ ಚೀಟಿಯನ್ನು ನಷ್ಟಕ್ಕೆ ಕೂಗಿ ಮುಂಚೆಯೇ ಎತ್ತಬೇಕಾಯಿತು.

ತಪ್ಪು ಯಾರದೂ ಅಲ್ಲ, ನಮ್ಮದೇ. ವರ್ಷಗಟ್ಟಲೆ ಕಾರನ್ನು ಬಯಲಲ್ಲಿ ನಿಲ್ಲಿಸಿದ್ದೆವು. ದಿನಾ ಬೆಳಿಗ್ಗೆ ಒಣ ಬಟ್ಟೆಯಿಂದ ಧೂಳು ಉಜ್ಜುತ್ತಿದ್ದೆವು. ಬಟ್ಟೆ ಒಗೆಯುವ ಪುಡಿಯಲ್ಲಿ ತೊಳೆಯುತ್ತಿದ್ದೆವು. ಅದನ್ನು ಕಾಳಜಿ ಎಂದುಕೊಂಡಿದ್ದೆವು.

ಈಗ ಅಬ್ಬಾ ಕಿರಾಣಿ ಅಂಗಡಿಗೆ ಸಾಮಾನು ತರಲು ಇನ್ನೊಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದಾರೆ. ಬಣ್ಣ ಕಡುನೀಲಿ. ಇನ್ನೆರಡು ವರ್ಷಕ್ಕೆ ನನ್ನ ಡಿಗ್ರಿ ಓದಿಗಾಗಿ ಅದನ್ನೂ ಮಾರುವ ಯೋಚನೆ ಇದೆ. ಆದ್ದರಿಂದ ಈ ಬೇಸಿಗೆಗೆ ಮುಂಚೆ ಅಬ್ಬಾ ನನಗೆ ಒಂದು ಕೆಲಸ ಒಪ್ಪಿಸಿದರು: "ಬಿಸಿಲಿಗೆ ತಡೆಯುವ ವ್ಯಾಕ್ಸ್ ಯಾವುದು ಅಂತ ನೋಡು. ಆದರೆ ದುಡ್ಡು ಪೋಲು ಆಗಬಾರದು." ನಾನು ಓದಿದ್ದು, ಮಾಡಿದ್ದು, ಲೆಕ್ಕ ಹಾಕಿದ್ದು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಕಲಬುರಗಿಯ ಬಿಸಿಲಿನಲ್ಲಿ ಕಾರು ಅಥವಾ ಬೈಕ್ ನಿಲ್ಲಿಸುವ ನಮ್ಮ ಉಪನ್ಯಾಸಕರಿಗೂ ಗೆಳೆಯರಿಗೂ ಉಪಯೋಗಕ್ಕೆ ಬರಬಹುದು.

ಬಣ್ಣದ ಮೈ ಎಷ್ಟು ದಪ್ಪ?

ವ್ಯಾಕ್ಸ್ ಆರಿಸುವ ಮೊದಲು ಅದು ಯಾವುದರ ಮೇಲೆ ಕೂರುತ್ತದೆ ಎಂದು ತಿಳಿಯಬೇಕು. ಈಗಿನ ಕಾರುಗಳ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣದ ಪದರ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ ಇರುತ್ತವೆ. ಈ ಕೊನೆಯದನ್ನು ಕ್ಲಿಯರ್ ಕೋಟ್ ಎನ್ನುತ್ತಾರೆ. ಎಲ್ಲಾ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಮಿಲಿಮೀಟರ್ ಎಂದರೆ 1,000 ಮೈಕ್ರಾನ್. ಕ್ಲಿಯರ್ ಕೋಟ್ ಒಂದೇ ಸುಮಾರು 35ರಿಂದ 50 ಮೈಕ್ರಾನ್, ಅಂದರೆ ಒಂದು ತಲೆಗೂದಲಿಗಿಂತ ತೆಳು.

ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುವ ಮುಖ್ಯ ಕೆಲಸ ಈ ಕ್ಲಿಯರ್ ಕೋಟ್‌ನದು. ಅದಕ್ಕೆ ಬೇಕಾದ ರಾಸಾಯನಿಕಗಳನ್ನು ಬಣ್ಣ ತಯಾರಿಸುವಾಗಲೇ ಅದರಲ್ಲಿ ಬೆರೆಸಿರುತ್ತಾರೆ. ಕ್ಲಿಯರ್ ಕೋಟ್ ಸವೆದು ಹೋದರೆ ಕೆಳಗಿನ ಬಣ್ಣಕ್ಕೆ ರಕ್ಷಣೆ ಇಲ್ಲ. ನಮ್ಮ ಹಳೆಯ ಕಾರಿನ ಟಾಪ್‌ನಲ್ಲಿ ಸಿಪ್ಪೆ ಎದ್ದಿದ್ದು ಇದೇ ಪದರ.

ಹಾಗಾದರೆ ವ್ಯಾಕ್ಸ್ ಏನು ಮಾಡುತ್ತದೆ? ಒರೆಸಿದ ಮೇಲೆ ಉಳಿಯುವ ವ್ಯಾಕ್ಸ್ ಒಂದು ಮೈಕ್ರಾನ್‌ಗಿಂತಲೂ ತೆಳುವಾಗಿರುತ್ತದೆ. ಅಷ್ಟು ತೆಳುವಾದ ಪದರ ಬಿಸಿಲಿಗೆ ದೊಡ್ಡ ಕೊಡೆ ಆಗಲಾರದು. ಅದರ ಕೆಲಸ ಬೇರೆ. ಹಕ್ಕಿಯ ಹಿಕ್ಕೆ, ಮರದ ಅಂಟು, ಗಡಸು ನೀರಿನ ಉಪ್ಪು, ಧೂಳು ಇವೆಲ್ಲ ನೇರವಾಗಿ ಕ್ಲಿಯರ್ ಕೋಟ್‌ಗೆ ತಾಗದಂತೆ ಮಧ್ಯೆ ನಿಂತು ಮೊದಲ ಪೆಟ್ಟನ್ನು ತಾನೇ ತಿನ್ನುತ್ತದೆ. ಪೆಟ್ಟು ತಿಂದು ತಿಂದು ಕಡೆಗೆ ತಾನೇ ಸವೆದು ಹೋಗುತ್ತದೆ. ಮತ್ತೆ ಹಚ್ಚಬಹುದು. ಕ್ಲಿಯರ್ ಕೋಟ್ ಅನ್ನು ಹಾಗೆ ಮತ್ತೆ ಹಚ್ಚಲು ಪೇಂಟಿಂಗ್ ಶೆಡ್‌ಗೇ ಹೋಗಬೇಕು.

ಬೇಸಿಗೆಯಲ್ಲಿ ಏಕೆ ಹೆಚ್ಚು ಚಿಂತೆ ಎಂದರೆ, ಬಿಸಿಯಾದ ಕ್ಲಿಯರ್ ಕೋಟ್ ಸ್ವಲ್ಪ ಹಿಗ್ಗಿ ಮೆತ್ತಗಾಗುತ್ತದೆ. ಅದರ ಮೇಲೆ ಬಿದ್ದ ಹಿಕ್ಕೆ ಒಣಗಿ ಗಟ್ಟಿಯಾಗುತ್ತದೆ. ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇದೆ. ಸಂಜೆ ಮೈ ತಣ್ಣಗಾಗಿ ಕುಗ್ಗುವಾಗ ಆ ಹಿಕ್ಕೆಯ ಆಕಾರವೇ ಬಣ್ಣದಲ್ಲಿ ಅಚ್ಚಾಗಿ ಉಳಿಯುತ್ತದೆ. ಚಳಿಗಾಲದಲ್ಲಿ ದಿನ ಹಿಡಿಯುವ ಹಾನಿ ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಆಗಬಹುದು.

ಮೇಣ ಕರಗಿ ಹೋಗುವುದಿಲ್ಲವೇ?

ಅಬ್ಬಾ ಕೇಳಿದ ಮೊದಲ ಪ್ರಶ್ನೆ ಇದು: "ಬೇಟಾ, ಮೇಣ ಅಂದಮೇಲೆ ನಮ್ಮೂರ ಬಿಸಿಲಿಗೆ ಕರಗಿ ಹೋಗೋದಿಲ್ವಾ?" ಒಳ್ಳೆಯ ಪ್ರಶ್ನೆ. ಮೇ ತಿಂಗಳಲ್ಲಿ ಇಲ್ಲಿ ಗಾಳಿಯ ಉಷ್ಣತೆಯೇ 40 ಡಿಗ್ರಿ ದಾಟುತ್ತದೆ. ನೇರ ಬಿಸಿಲಲ್ಲಿ ನಿಂತ ಕಪ್ಪು ಅಥವಾ ಕಡುಬಣ್ಣದ ಕಾರಿನ ಮೈ 70 ಡಿಗ್ರಿಯ ಹತ್ತಿರ ಹೋಗಬಲ್ಲದು. ಬಿಳಿ ಕಾರು ಇಷ್ಟು ಕಾಯುವುದಿಲ್ಲ.

ಮೇಣಗಳೆಲ್ಲ ಒಂದೇ ಅಲ್ಲ. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಾರ್ನೌಬಾ ಎಂಬ ಮೇಣ ಕರಗುವುದು 82ರಿಂದ 86 ಡಿಗ್ರಿಯಲ್ಲಿ. ಇದು ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಮರದ ಎಲೆಯಿಂದ ಬರುತ್ತದೆ. ಒಣ ಹವೆಯಲ್ಲಿ ನೀರು ಆರದಿರಲೆಂದು ಮರ ತನ್ನ ಎಲೆಗೆ ತಾನೇ ಹಚ್ಚಿಕೊಳ್ಳುವ ಮೇಣ ಅದು. ಸಸ್ಯಜನ್ಯ ಮೇಣಗಳಲ್ಲಿ ಬಹಳ ಗಟ್ಟಿ. ಆದ್ದರಿಂದಲೇ ಕಾರಿನ ವ್ಯಾಕ್ಸ್‌ಗೆ ಇದನ್ನು ಹೆಚ್ಚಾಗಿ ಬಳಸುತ್ತಾರೆ.

ಆದರೆ ಡಬ್ಬಿಯ ಮೇಲೆ ಕಾರ್ನೌಬಾ ಎಂದು ಬರೆದಿದ್ದರೆ ಒಳಗಿರುವುದೆಲ್ಲ ಕಾರ್ನೌಬಾ ಅಲ್ಲ. ಶುದ್ಧ ಕಾರ್ನೌಬಾ ಕಲ್ಲಿನಂತೆ ಗಟ್ಟಿ, ಹಚ್ಚಲು ಬರುವುದಿಲ್ಲ. ಅದಕ್ಕೆ ದ್ರಾವಕ, ಎಣ್ಣೆ, ಬೇರೆ ಮೆತ್ತನೆಯ ಮೇಣ ಬೆರೆಸಿರುತ್ತಾರೆ. ಹಾಗಾಗಿ ಬಾಳಿಕೆ ಡಬ್ಬಿಯಿಂದ ಡಬ್ಬಿಗೆ ಬದಲಾಗುತ್ತದೆ. ಜೊತೆಗೆ ವ್ಯಾಕ್ಸ್ ಹೋಗುವುದು ಕರಗಿ ಮಾತ್ರ ಅಲ್ಲ. ಖಾರವಾದ ಸೋಪು, ಧೂಳಿನ ಉಜ್ಜಾಟ, ಪದೇ ಪದೇ ತೊಳೆಯುವುದು ಇವೂ ಅದನ್ನು ಸವೆಸುತ್ತವೆ.

ಅಂಗಡಿಯಲ್ಲಿ ಸಿಗುವ ಮೂರು ಬಗೆ

ಒಂದು, ಕಾರ್ನೌಬಾ ಪೇಸ್ಟ್ ವ್ಯಾಕ್ಸ್. ಆಳವಾದ ಹೊಳಪು ಕೊಡುತ್ತದೆ. ಬಾಳಿಕೆ ಕೆಲವು ವಾರಗಳು, ಸಾಮಾನ್ಯವಾಗಿ ಒಂದರಿಂದ ಎರಡು ತಿಂಗಳು.

ಎರಡು, ಸಿಂಥೆಟಿಕ್ ಸೀಲಂಟ್. ಇದು ಗಿಡದ ಮೇಣವಲ್ಲ, ಪಾಲಿಮರ್. ದ್ರವ ರೂಪದಲ್ಲಿ ಬಾಟಲಿಯಲ್ಲಿ ಬರುತ್ತದೆ. ಬಣ್ಣದ ಮೈಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಾಳಿಕೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು.

ಮೂರು, ಸೆರಾಮಿಕ್ ಕೋಟಿಂಗ್. ಸಿಲಿಕಾ ಆಧಾರದ ಈ ದ್ರವ ಒಣಗಿದ ಮೇಲೆ ಗಟ್ಟಿ ಪದರವಾಗುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಹಚ್ಚುವ ಮೊದಲು ಬಣ್ಣದ ಮೈಯನ್ನು ಪಾಲಿಶ್ ಮಾಡಿ ಸಿದ್ಧಪಡಿಸಬೇಕು. ಅದು ತಿಳಿದವರ ಕೆಲಸ, ಬೆಲೆಯೂ ಹೆಚ್ಚು. ಬಾಟಲಿಯಲ್ಲಿ ಬರುವ "ಸೆರಾಮಿಕ್ ಸ್ಪ್ರೇ" ಇದಕ್ಕೆ ಸಮ ಅಲ್ಲ.

ಇನ್ನೊಂದು ಎಚ್ಚರ. ನಮ್ಮಲ್ಲಿ ಎಲ್ಲದಕ್ಕೂ "ಪಾಲಿಶ್" ಎನ್ನುವ ರೂಢಿ ಇದೆ. ನಿಜವಾದ ಪಾಲಿಶ್‌ನಲ್ಲಿ ಮರಳು ಕಾಗದದ ಹಾಗೆ ಕೆಲಸ ಮಾಡುವ ಅತಿ ಸಣ್ಣ ಕಣಗಳಿರುತ್ತವೆ. ಅದು ಗೆರೆ ತೆಗೆಯುವುದು ಕ್ಲಿಯರ್ ಕೋಟ್ ಅನ್ನು ಸ್ವಲ್ಪ ಸವೆಸಿ. ವ್ಯಾಕ್ಸ್ ಪದರ ಸೇರಿಸುತ್ತದೆ, ಪಾಲಿಶ್ ಪದರ ಕಳೆಯುತ್ತದೆ. ತಿಂಗಳಿಗೊಮ್ಮೆ ಪಾಲಿಶ್ ಮಾಡಿಸಿ ಕಾರು ಕಾಪಾಡಿದೆವು ಎಂದುಕೊಂಡರೆ ಅದು ಬಂಡವಾಳವನ್ನೇ ತೆಗೆದು ಖರ್ಚು ಮಾಡಿದ ಹಾಗೆ. ಡಬ್ಬಿಯ ಮೇಲೆ ಪಾಲಿಶ್, ಕಾಂಪೌಂಡ್, ಕ್ಲೀನರ್ ವ್ಯಾಕ್ಸ್ ಎಂದಿದ್ದರೆ ಎರಡು ಸಲ ಓದಿ.

ಬಾನೆಟ್ ಮೇಲೆ ಒಂದು ಪರೀಕ್ಷೆ

ಡಬ್ಬಿಯ ಮೇಲೆ ಬರೆದಿರುವ ಬಾಳಿಕೆ ನಮ್ಮ ಓಣಿಯ ಬಿಸಿಲು, ನಮ್ಮ ಬೋರ್‌ವೆಲ್ ನೀರು ನೋಡಿ ಬರೆದದ್ದಲ್ಲ. ಆದ್ದರಿಂದ ಮಾರ್ಚ್ ಮಧ್ಯದಲ್ಲಿ ನಾನು ಬಾನೆಟ್ ಅನ್ನು ಮಾಸ್ಕಿಂಗ್ ಟೇಪ್‌ನಿಂದ ಮೂರು ಭಾಗ ಮಾಡಿದೆ. ಬಲಕ್ಕೆ ಕಾರ್ನೌಬಾ, ಎಡಕ್ಕೆ ಸೀಲಂಟ್, ನಡುವಿನ ಪಟ್ಟಿಗೆ ಏನೂ ಹಚ್ಚಲಿಲ್ಲ.

ಮೊದಲ ದಿನವೇ ತಪ್ಪು ಮಾಡಿದೆ. ಕಾಲೇಜಿನಿಂದ ಬಂದು ಮಧ್ಯಾಹ್ನ ಮೂರು ಗಂಟೆಗೆ ಕಾದ ಬಾನೆಟ್ ಮೇಲೆ ವ್ಯಾಕ್ಸ್ ಹಚ್ಚಿದೆ. ಹಚ್ಚಿದ ಕೂಡಲೇ ಒಣಗಿ ಕಲೆ ಕಲೆಯಾಗಿ ಕೂತಿತು. ಉಜ್ಜಿ ತೆಗೆಯುವಷ್ಟರಲ್ಲಿ ತೋಳು ಸೋತಿತು. ಮರುದಿನ ಫಜರ್ ನಮಾಝ್ ಮುಗಿಸಿ, ಮೈ ತಣ್ಣಗಿರುವಾಗ ಎರಡೂ ಕಡೆ ತೊಳೆದು ಮತ್ತೆ ಹಚ್ಚಿದೆ. ಆಗ ಸಲೀಸಾಗಿ ಬಂತು.

ಆಮೇಲೆ ಪ್ರತಿ ಶುಕ್ರವಾರ ಬೆಳಿಗ್ಗೆ ಕಾರು ತೊಳೆದು, ಒರೆಸಿ, ಮೂರೂ ಭಾಗಕ್ಕೆ ಒಂದೊಂದು ತಂಬಿಗೆ ನೀರು ಸುರಿದು ನೋಡುತ್ತಿದ್ದೆ. ರಕ್ಷಣೆ ಇರುವ ಕಡೆ ನೀರು ಕೆಸುವಿನ ಎಲೆಯ ಮೇಲಿನ ಹಾಗೆ ದುಂಡು ಹನಿಗಳಾಗಿ ಉರುಳುತ್ತದೆ. ಇಲ್ಲದ ಕಡೆ ಹಾಳೆಯಂತೆ ಹರಡಿ ಅಂಟಿಕೊಳ್ಳುತ್ತದೆ. ಈ ಪರೀಕ್ಷೆಯನ್ನು ತೊಳೆದ ಮೇಲೇ ಮಾಡಬೇಕು. ಧೂಳು ಕೂತಿದ್ದರೆ ವ್ಯಾಕ್ಸ್ ಇದ್ದರೂ ಹನಿ ಕಟ್ಟುವುದಿಲ್ಲ.

ನಡುವಿನ ಪಟ್ಟಿಯಲ್ಲಿ ಮೊದಲಿನಿಂದಲೂ ನೀರು ಹರಡುತ್ತಿತ್ತು. ಕಾರ್ನೌಬಾ ಕಡೆ ನಾಲ್ಕು ವಾರ ಹನಿಗಳು ಚೆನ್ನಾಗಿದ್ದವು. ಐದನೇ ವಾರ ಚಪ್ಪಟೆಯಾಗತೊಡಗಿದವು. ಏಳನೇ ವಾರಕ್ಕೆ ಅದಕ್ಕೂ ನಡುವಿನ ಪಟ್ಟಿಗೂ ಬಹಳ ವ್ಯತ್ಯಾಸ ಉಳಿಯಲಿಲ್ಲ. ಸೀಲಂಟ್ ಕಡೆ ಜೂನ್ ಮಧ್ಯದಲ್ಲಿ ಮಳೆ ಹಿಡಿದಾಗಲೂ ಹನಿ ಕಟ್ಟುತ್ತಿತ್ತು, ಮೊದಲಿನಷ್ಟು ದುಂಡಗೆ ಇರಲಿಲ್ಲ ಅಷ್ಟೆ. ಇದು ಒಂದೇ ಕಾರು, ಒಂದೇ ಬೇಸಿಗೆಯ ಅನುಭವ. ನಿಮ್ಮಲ್ಲಿ ಒಂದೆರಡು ವಾರ ಹೆಚ್ಚು ಕಡಿಮೆ ಆಗಬಹುದು.

ಮೇ ತಿಂಗಳಲ್ಲಿ ಇನ್ನೊಂದು ವಿಷಯ ಕಂಡೆ. ನಡುವಿನ ಪಟ್ಟಿಯ ಮೇಲೆ ಹಕ್ಕಿ ಹಿಕ್ಕೆ ಹಾಕಿತ್ತು. ನಾನು ಪರೀಕ್ಷೆ ಬರೆಯಲು ಹೋಗಿದ್ದೆ, ಸಂಜೆ ನೋಡಿದೆ. ತೊಳೆದ ಮೇಲೂ ಅಲ್ಲಿ ಬಟಾಣಿಯಷ್ಟು ಮಂಕು ಗುರುತು ಉಳಿಯಿತು, ಈಗಲೂ ಇದೆ. ಸೀಲಂಟ್ ಕಡೆ ಬಿದ್ದದ್ದು ನೀರಿಗೆ ಜಾರಿ ಹೋಯಿತು. ಆ ಗುರುತನ್ನು ನೋಡಿದ ಮೇಲೆ ಅಬ್ಬಾಗೆ ನಾನು ಬೇರೇನೂ ವಿವರಿಸಬೇಕಾಗಲಿಲ್ಲ.

ಈಗ ಲೆಕ್ಕ

ವಾಣಿಜ್ಯ ವಿದ್ಯಾರ್ಥಿ ಡಬ್ಬಿಯ ಬೆಲೆ ನೋಡಿ ಅಗ್ಗ, ದುಬಾರಿ ಎನ್ನಬಾರದು. ಒಂದು ತಿಂಗಳ ರಕ್ಷಣೆಗೆ ಎಷ್ಟು ಬೀಳುತ್ತದೆ ಎಂದು ನೋಡಬೇಕು. ಸೂತ್ರ ಸುಲಭ: ಡಬ್ಬಿಯ ಬೆಲೆಯನ್ನು ಅದು ಎಷ್ಟು ಸಲಕ್ಕೆ ಬರುತ್ತದೋ ಅದರಿಂದ ಭಾಗಿಸಿ. ಬಂದ ಉತ್ತರವನ್ನು ಒಂದು ಸಲ ಹಚ್ಚಿದ್ದು ಎಷ್ಟು ತಿಂಗಳು ಬಾಳುತ್ತದೋ ಅದರಿಂದ ಭಾಗಿಸಿ. ಒಂದು ಸಲಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ತಿಳಿಯಲು ಪೂರ್ತಿ ಕಾರಿಗೆ ಹಚ್ಚುವ ಮೊದಲು ಮತ್ತು ನಂತರ ಡಬ್ಬಿಯನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿದೆ. ಬಾಟಲಿಯ ಸೀಲಂಟ್ ಅನ್ನು ಔಷಧಿಯ ಅಳತೆ ಮುಚ್ಚಳದಲ್ಲಿ ಅಳೆದೆ.

ಕಾರ್ನೌಬಾ: 200 ಗ್ರಾಂ ಡಬ್ಬಿಗೆ ನಾವು ಕೊಟ್ಟದ್ದು 640 ರೂಪಾಯಿ. ಒಂದು ಸಲಕ್ಕೆ 20 ಗ್ರಾಂ, ಒಟ್ಟು 10 ಸಲ. ಒಂದು ಸಲಕ್ಕೆ 64 ರೂಪಾಯಿ. ಬಾಳಿಕೆ ಒಂದೂವರೆ ತಿಂಗಳು ಎಂದುಕೊಂಡರೆ ತಿಂಗಳಿಗೆ ಸುಮಾರು 43 ರೂಪಾಯಿ.

ಸೀಲಂಟ್: 240 ಮಿಲಿಲೀಟರ್ ಬಾಟಲಿಗೆ 1,080 ರೂಪಾಯಿ. ಒಂದು ಸಲಕ್ಕೆ 30 ಮಿಲಿಲೀಟರ್, ಒಟ್ಟು 8 ಸಲ. ಒಂದು ಸಲಕ್ಕೆ 135 ರೂಪಾಯಿ. ಬಾಳಿಕೆ ಮೂರು ತಿಂಗಳು, ಅಂದರೆ ತಿಂಗಳಿಗೆ 45 ರೂಪಾಯಿ.

ಸೆರಾಮಿಕ್ ಕೋಟಿಂಗ್: ನಾವು ವಿಚಾರಿಸಿದ ಒಂದು ಕಡೆ ಮೂರು ವರ್ಷದ ಬಾಳಿಕೆಗೆ 18,000 ರೂಪಾಯಿ ಹೇಳಿದರು. 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 500 ರೂಪಾಯಿ. ಆದರೆ ನಾವು ಕಾರು ಮಾರುವುದು ಎರಡು ವರ್ಷಕ್ಕೆ. ಹಾಗಾಗಿ ನಮಗೆ ಅದು 24 ತಿಂಗಳಿಗೆ, ತಿಂಗಳಿಗೆ 750 ರೂಪಾಯಿ ಬೀಳುತ್ತದೆ. ಹಳೆಯ ಕಾರಿನಲ್ಲಿ ಕಳೆದುಕೊಂಡದ್ದೇ 15,000. ಅದನ್ನು ಉಳಿಸಲು 18,000 ಕೊಡುವುದು ಯಾವ ಲೆಕ್ಕ? ಹೊಸ ಕಾರು ಕೊಂಡು ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಈ ಉತ್ತರ ಬೇರೆ ಬರಬಹುದು.

ಗಮನಿಸಿ, ಕಾರ್ನೌಬಾ ಮತ್ತು ಸೀಲಂಟ್ ನಡುವೆ ತಿಂಗಳ ಖರ್ಚಿನಲ್ಲಿ ವ್ಯತ್ಯಾಸ ಬರೀ ಎರಡು ರೂಪಾಯಿ. ಇದು ನನಗೂ ಆಶ್ಚರ್ಯ ತಂದಿತು. ವ್ಯತ್ಯಾಸ ಇರುವುದು ಶ್ರಮದಲ್ಲಿ. ಇದೇ ಬಾಳಿಕೆಯ ಲೆಕ್ಕದಲ್ಲಿ ಕಾರ್ನೌಬಾವನ್ನು ವರ್ಷಕ್ಕೆ 8 ಸಲ ಹಚ್ಚಬೇಕು, ಸೀಲಂಟ್ ಅನ್ನು 4 ಸಲ. ಒಂದು ಸಲಕ್ಕೆ ಎರಡೂವರೆ ಗಂಟೆ ಎಂದರೆ 20 ಗಂಟೆ ಮತ್ತು 10 ಗಂಟೆ. ಎಂಟು ಸಲದಲ್ಲಿ ಎರಡು ಸಲ ಸೋಮಾರಿತನಕ್ಕೋ ಪರೀಕ್ಷೆಯ ಗಡಿಬಿಡಿಗೋ ತಪ್ಪಿಯೇ ತಪ್ಪುತ್ತದೆ. ತಪ್ಪಿದ ಆ ವಾರಗಳಲ್ಲೇ ಹಿಕ್ಕೆ ಬೀಳುತ್ತದೆ. ಆದ್ದರಿಂದ ಬಯಲಲ್ಲಿ ನಿಲ್ಲುವ ನಮ್ಮ ಕಾರಿಗೆ ಸೀಲಂಟ್ ಎಂದು ತೀರ್ಮಾನ ಮಾಡಿದೆವು. ಬಿಸಿಲು ನೇರ ಬೀಳುವ ಟಾಪ್, ಬಾನೆಟ್, ಡಿಕ್ಕಿಗೆ ಸೀಲಂಟ್. ಕೊಂಡಿದ್ದ ಕಾರ್ನೌಬಾ ಡಬ್ಬಿ ಹಾಳಾಗಬಾರದೆಂದು ಅದನ್ನು ಬಾಗಿಲುಗಳಿಗೆ ಹಚ್ಚುತ್ತಿದ್ದೇವೆ. ನೆರಳಿನ ಶೆಡ್ ಇದ್ದು, ಹೊಳಪು ಇಷ್ಟಪಡುವವರಿಗೆ, ಕೈಯಲ್ಲಿ ಒಮ್ಮೆಗೆ ಸಾವಿರ ರೂಪಾಯಿ ಇಲ್ಲದವರಿಗೆ ಕಾರ್ನೌಬಾವೇ ಸಾಕು.

ಹಚ್ಚುವ ಕ್ರಮ

1. ಬೆಳಿಗ್ಗೆ ಬೇಗ, ನೆರಳಿನಲ್ಲಿ, ಮೈ ಕೈಗೆ ತಣ್ಣಗೆ ಹತ್ತುವಾಗ ಮಾಡಿ.

2. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಕಾರ್ ಶಾಂಪೂವಿನಿಂದ ತೊಳೆಯಿರಿ. ಬಟ್ಟೆ ಪುಡಿ, ಪಾತ್ರೆ ತೊಳೆಯುವ ಸೋಪು ಬೇಡ. ಅವು ವ್ಯಾಕ್ಸ್ ಅನ್ನೇ ತೊಳೆದು ಹಾಕುತ್ತವೆ.

3. ತೊಳೆದ ಮೇಲೂ ಬೆರಳಿಗೆ ಒರಟಾಗಿ ಹತ್ತಿದರೆ ಕ್ಲೇ ಬಾರ್ ಬಳಸಿ. ಅದು ಹಿಟ್ಟಿನ ಉಂಡೆಯಂಥ ವಸ್ತು. ಶಾಂಪೂ ನೀರು ಚಿಮುಕಿಸಿ ಹಗುರವಾಗಿ ಜಾರಿಸಿದರೆ ಅಂಟಿದ ಕಣಗಳನ್ನು ಎತ್ತಿಕೊಳ್ಳುತ್ತದೆ. ಸಿಮೆಂಟ್ ಕಾರ್ಖಾನೆಗಳಿರುವ ವಾಡಿ, ಸೇಡಂ ಕಡೆಯಿಂದ ಓಡಾಡುವ ಗೆಳೆಯರು ಇದನ್ನು ಗಮನಿಸಬೇಕು. ಸಿಮೆಂಟ್ ಧೂಳು ಇಬ್ಬನಿಗೆ ನೆನೆದರೆ ಗಟ್ಟಿಯಾಗಿ ಕೂರುತ್ತದೆ.

4. ಒಂದೊಂದೇ ಭಾಗಕ್ಕೆ ತೆಳುವಾಗಿ ಹಚ್ಚಿ. ದಪ್ಪ ಹಚ್ಚಿದರೆ ಹೆಚ್ಚು ದಿನ ಬಾಳುವುದಿಲ್ಲ, ಒರೆಸಿದಾಗ ಬಟ್ಟೆಗೆ ಹೋಗುತ್ತದೆ ಅಷ್ಟೆ.

5. ಮಂಜಿನಂತೆ ಮಸುಕಾದ ಮೇಲೆ ಬೆರಳಿಂದ ಗೆರೆ ಎಳೆಯಿರಿ. ಗೆರೆ ಸ್ವಚ್ಛವಾಗಿ ಬಂದರೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಸೀಲಂಟ್ ಆದರೆ ಬಾಟಲಿಯಲ್ಲಿ ಹೇಳಿದಷ್ಟು ಹೊತ್ತು ನೀರು ತಾಗಿಸಬೇಡಿ.

6. ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್‌ಗೆ ತಾಗಿಸಬೇಡಿ, ಬಿಳಿ ಕಲೆ ಉಳಿಯುತ್ತದೆ. ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕೆ ಇದು ಹೊಂದುವುದಿಲ್ಲ. ಶೆಡ್‌ನಲ್ಲಿ ಹೊಸದಾಗಿ ಪೇಂಟ್ ಮಾಡಿಸಿದ್ದರೆ ಬಣ್ಣ ಪೂರ್ತಿ ಆರಲು ಎರಡು ಮೂರು ತಿಂಗಳು ಬಿಡಿ.

ವ್ಯಾಕ್ಸ್‌ಗಿಂತ ಮೊದಲು

ಇಷ್ಟೆಲ್ಲ ಮಾಡಿದ ಮೇಲೆ ನನಗೆ ಅನಿಸಿದ್ದು, ವ್ಯಾಕ್ಸ್ ಎರಡನೇ ಮಾತು. ಮೊದಲ ಮಾತು ನೆರಳು ಮತ್ತು ಅಭ್ಯಾಸ. ನೆರಳಿಗೆ ಸಮನಾದ ಡಬ್ಬಿ ಯಾವ ಅಂಗಡಿಯಲ್ಲೂ ಇಲ್ಲ. ಆದರೆ ಬೇವಿನ ಮರದ ನೆರಳಲ್ಲಿ ನಿಲ್ಲಿಸಿದರೆ ಹಕ್ಕಿಗಳ ಜೊತೆ ಒಪ್ಪಂದ ಮಾಡಿಕೊಂಡ ಹಾಗೆ. ಹಿಕ್ಕೆ ಕಂಡ ದಿನವೇ ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಕಿಟ್ಟು, ನೆನೆದ ಮೇಲೆ ಎತ್ತಿ ತೆಗೆಯಿರಿ. ಉಜ್ಜಬೇಡಿ.

ಒಣ ಬಟ್ಟೆಯ ಅಭ್ಯಾಸ ಬಿಡಿ. ಧೂಳಿನ ಕಣ ಬಟ್ಟೆಗೂ ಬಣ್ಣಕ್ಕೂ ನಡುವೆ ಸಿಕ್ಕಿ ಗೀರುತ್ತದೆ. ಬಿಸಿಲಲ್ಲಿ ಎದುರು ನಿಂತು ನೋಡಿದರೆ ಜೇಡರ ಬಲೆಯಂತೆ ಕಾಣುವ ಸುತ್ತು ಗೆರೆಗಳು ಹೀಗೇ ಬಂದವು. ತೊಳೆದ ಮೇಲೆ ನೀರು ತಾನೇ ಆರಲು ಬಿಡಬೇಡಿ. ನಮ್ಮ ಬೋರ್‌ವೆಲ್ ನೀರು ಗಡಸು. ಹನಿ ಆರಿದ ಕಡೆ ಸುಣ್ಣದಂಥ ಬಿಳಿ ಚುಕ್ಕೆ ಉಳಿಯುತ್ತದೆ. ವ್ಯಾಕ್ಸ್ ಇದ್ದರೆ ಹನಿ ಕಟ್ಟುತ್ತದೆ, ಒರೆಸದಿದ್ದರೆ ಅದೇ ಹನಿ ಚುಕ್ಕೆಯಾಗುತ್ತದೆ.

ನೀರಿನ ಬಗ್ಗೆಯೂ ಒಂದು ಮಾತು. ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದು ಎಂದು ಚಿಕ್ಕಂದಿನಿಂದ ಕಲಿತಿದ್ದೇವೆ. ಬೇಸಿಗೆಯಲ್ಲಿ ಓಣಿಗೆ ಟ್ಯಾಂಕರ್ ಬರುವಾಗ ಪೈಪು ಹಿಡಿದು ಕಾರು ತೊಳೆಯುವುದು ಸರಿಯಲ್ಲ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೇಲೆ ಸುರಿಯಲು ಇನ್ನೊಂದೆರಡು ಬಕೆಟ್ ಸಾಕಾಗುತ್ತದೆ. ವ್ಯಾಕ್ಸ್ ಇರುವ ಮೈ ಬೇಗ ಸ್ವಚ್ಛವಾಗುವುದರಿಂದ ನೀರೂ ಉಳಿಯುತ್ತದೆ.

ಸವಕಳಿಯನ್ನು ಯಾರೂ ನಿಲ್ಲಿಸಲಾರರು, ಪುಸ್ತಕದಲ್ಲೂ ನಿಲ್ಲುವುದಿಲ್ಲ, ಬಾನೆಟ್ ಮೇಲೂ ನಿಲ್ಲುವುದಿಲ್ಲ. ಆದರೆ ಅದರ ದರವನ್ನು ಸ್ವಲ್ಪ ತಗ್ಗಿಸಬಹುದು, ಅದೂ ತಿಂಗಳಿಗೆ 45 ರೂಪಾಯಿಯಲ್ಲಿ. ಅಬ್ಬಾ ಈಗ ಬೆಳಿಗ್ಗೆ ಒಣ ಬಟ್ಟೆ ಹಿಡಿಯುವುದಿಲ್ಲ. ಶುಕ್ರವಾರ ನಾನು ತೊಳೆದು ಮುಗಿಸಿದ ಮೇಲೆ ತಾವೇ ತಂಬಿಗೆ ತಂದು ಟಾಪ್ ಮೇಲೆ ನೀರು ಸುರಿದು, ಹನಿ ಕಟ್ಟಿತೇ ಎಂದು ಬಗ್ಗಿ ನೋಡುತ್ತಾರೆ. ನೀವೂ ಈ ವಾರ ನಿಮ್ಮ ಕಾರಿಗೋ ಬೈಕಿನ ಟ್ಯಾಂಕಿಗೋ ಒಂದು ತಂಬಿಗೆ ನೀರು ಸುರಿದು ನೋಡಿ. ಯಾವ ಡಬ್ಬಿ ಬೇಕು, ಯಾವಾಗ ಬೇಕು ಎಂದು ಅದೇ ಹೇಳುತ್ತದೆ.